ಮರದ ಮಹಡಿ ಮೇಲೆ ಟ್ರೆಡ್‌ಮಿಲ್ ಇಡಬಹುದಾ? ಅನುಭವ ಇದ್ದವರು ಹೇಳಿ

ಮಡಿಕೇರಿ ಸೊಸೆ: ನಮ್ಮದು ಮಾವನವರ ಕಾಲದ ಹಂಚಿನ ಮನೆ. ಕೆಳಗೆ ಹಾಲ್‌ಗೆ ಟೈಲ್ಸ್ ಇದೆ, ಮೇಲೆ ಹಲಗೆ ಹೊಡೆದ ಮಹಡಿ. 95 ಕೆ.ಜಿ. ತೂಕದ ಟ್ರೆಡ್‌ಮಿಲ್ ಬರುತ್ತಿದೆ. ಎಲ್ಲಿ ಇಡಲಿ? ಅಡಿಗೆ ಏನು ಹಾಸಲಿ?

ವಿರಾಜಪೇಟೆ ಅಣ್ಣ: ಟೈಲ್ಸ್ ಮೇಲೆ ಬೇಡ ಅಕ್ಕ. ನಮ್ಮ ಹಾಲ್‌ನಲ್ಲಿ ಗಾರೆಯವನು ಟೈಲ್ಸ್ ಅಡಿಗೆ ಪೂರ್ತಿ ಸಿಮೆಂಟ್ ಹರಡಿರಲಿಲ್ಲ, ನಾಲ್ಕು ಮೂಲೆಗೆ ಮುದ್ದೆ ಇಟ್ಟು ಕೂರಿಸಿದ್ದ. ತಟ್ಟಿದರೆ ಟೊಳ್ಳು ಸದ್ದು. ಮಲ್ಟಿ ಜಿಮ್ ಕಾಲು ಕೂತ ಜಾಗದಲ್ಲಿ ಮೂರು ಟೈಲ್ಸ್ ಬಿರುಕು. ಅದೇ ಡಿಸೈನ್ ಈಗ ಅಂಗಡಿಯಲ್ಲಿ ಇಲ್ಲ. ಬೇರೆ ತರಲು ಮೈಸೂರಿಗೆ ಗಾಡಿ ಬಾಡಿಗೆ 4,200, ಟೈಲ್ಸ್ 2,600, ಕೂಲಿ 1,800. ಬಣ್ಣ ಇವತ್ತಿಗೂ ಹೊಂದಿಲ್ಲ. ಬಂದವರೆಲ್ಲ ಅದನ್ನೇ ನೋಡುತ್ತಾರೆ.

ಕುಶಾಲನಗರ ವಾಸಿ: ತಪ್ಪು ಗಾರೆಯವನದು, ಟೈಲ್ಸ್‌ದಲ್ಲ. ನಾನು ಮೊದಲ ಮಹಡಿಯ ಕಾಂಕ್ರೀಟ್ ಸ್ಲ್ಯಾಬ್ ಮೇಲೇ ಇಟ್ಟಿದ್ದೇನೆ. ಕಟ್ಟಡದ ಭಾರ ಲೆಕ್ಕ ಹಾಕುವ ಭಾರತೀಯ ಮಾನದಂಡ ಐಎಸ್ 875 ಪ್ರಕಾರ ಮನೆಯ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಹಿಡಿದು ಲೆಕ್ಕ ಹಾಕುತ್ತಾರೆ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ ಅಂದರೆ ಸುಮಾರು 1.4 ಚದರ ಮೀಟರ್. ಮಿಷನ್ ಜೊತೆ ಮನುಷ್ಯ ಸೇರಿದರೂ ತಡೆಯುತ್ತದೆ. ಗೋಡೆ ಪಕ್ಕ ಇಡಿ, ನಡು ಕೋಣೆ ಬೇಡ. ಅಡಿಗೆ 18 ಎಂಎಂ ಪ್ಲೈವುಡ್, ಮೇಲೆ ರಬ್ಬರ್ ಮ್ಯಾಟ್. ಎಲ್ಲ ಸೇರಿ 5,300 ಆಯಿತು. ಒಂದು ಗೆರೆ ಬಿದ್ದಿಲ್ಲ.

ಭಾಗಮಂಡಲ ಕಡೆಯವನು: ನಿಮ್ಮ ಕಡೆ ಮಳೆ ಎಷ್ಟು ಬರುತ್ತದೆ ಸ್ವಾಮಿ? ಇಲ್ಲಿ ರಬ್ಬರ್ ಮ್ಯಾಟ್ ಹಾಸಿ ಬಿಟ್ಟರೆ ಆಟಿ ತಿಂಗಳಲ್ಲಿ ಅಡಿಯಲ್ಲಿ ನೀರು ಬೆವರುತ್ತದೆ. ಅಜ್ಜ ಹಾಕಿಸಿದ ರೆಡ್ ಆಕ್ಸೈಡ್ ನೆಲದ ಮೇಲೆ ಕಪ್ಪು ಕಲೆ ಹಿಡಿಯಿತು. ಮೇಣ ತಿಕ್ಕಿದೆವು, ಪಾಲಿಶ್‌ನವರಿಗೆ 3,500 ಕೊಟ್ಟೆವು, ಹೋಗಲಿಲ್ಲ. ನಿಮ್ಮ ಪ್ಲೈವುಡ್ ಇಲ್ಲಿ ಒಂದು ಮಳೆಗಾಲಕ್ಕೆ ಉಬ್ಬಿ ಏಳುತ್ತದೆ. ಎಲ್ಲರಿಗೂ ಅದನ್ನೇ ಹೇಳಬೇಡಿ.

ಕುಶಾಲನಗರ ವಾಸಿ: ನಾನು ಹೇಳಿದ್ದು ಮರೈನ್ ಪ್ಲೈ, ನೀರು ತಡೆಯುವ ಪ್ಲೈವುಡ್. ವಾರಕ್ಕೊಮ್ಮೆ ಮ್ಯಾಟ್ ಎತ್ತಿ ಒರೆಸದೆ ನನ್ನ ಮೇಲೆ ಯಾಕೆ ಹಾಯುತ್ತೀರಿ?

ಭಾಗಮಂಡಲ ಕಡೆಯವನು: 95 ಕೆ.ಜಿ. ಮಿಷನ್ ಅಡಿಯಿಂದ ವಾರ ವಾರ ಮ್ಯಾಟ್ ಎತ್ತುವವರು ಯಾರು? ನಮ್ಮ ಮನೆಯಲ್ಲಿ ಇರುವುದು ನಾನು, ಅವ್ವ ಇಬ್ಬರೇ.

ಪೊನ್ನಂಪೇಟೆ ನಿವೃತ್ತ: ಕೊಡಗಿನಲ್ಲಿ ಇದ್ದುಕೊಂಡು ಟ್ರೆಡ್‌ಮಿಲ್ ಯಾಕಮ್ಮಾ? ಬೆಳಿಗ್ಗೆ ತೋಟದಲ್ಲಿ ಒಂದು ಸುತ್ತು ಬನ್ನಿ. ದುಡ್ಡೂ ಉಳಿಯುತ್ತದೆ.

ಸಿದ್ದಾಪುರ ತೋಟ: ಸಾರ್, ಇಂಥ ಮಾತು ಕೇಳಿದರೆ ಸಿಟ್ಟು ಬರುತ್ತದೆ. ನಮ್ಮ ತೋಟದಲ್ಲಿ ಹಲಸು ಹಣ್ಣಾದರೆ ಆನೆ ಗೇಟಿನವರೆಗೂ ಬರುತ್ತದೆ. ಕೆಲಸದವರೇ ಬೆಳಕು ಹರಿಯದೆ ಲೈನ್‌ಮನೆಯಿಂದ ಹೊರಡುವುದಿಲ್ಲ. ಶುಗರ್ ಇರುವ ನಮ್ಮಮ್ಮನನ್ನು ಅಲ್ಲಿ ನಡೆಸಲಾ? ಸುಮ್ನೆ ಹೇಳುವುದು ಸುಲಭ.

ಪೊನ್ನಂಪೇಟೆ ನಿವೃತ್ತ: ಆನೆ ನಮ್ಮ ಕಡೆಯೂ ಇದೆ. ನಾನು ರಸ್ತೆಯಲ್ಲೇ ನಡೆಯುತ್ತೇನೆ.

ಸಿದ್ದಾಪುರ ತೋಟ: ರಸ್ತೆಗೂ ಆನೆ ಬರುತ್ತದೆ ಸಾರ್, ಪೇಪರ್ ಓದುತ್ತೀರಿ ಅಲ್ವಾ?

ಮಡಿಕೇರಿ ಸೊಸೆ: ದಯವಿಟ್ಟು, ನನ್ನದು ಮರದ ಮಹಡಿ. ಅದರ ಬಗ್ಗೆ ಯಾರಾದರೂ ಹೇಳಿ.

ಸೋಮವಾರಪೇಟೆ ಅಕ್ಕ: ನಮ್ಮದೂ ಮರದ್ದೇ. ಮೊದಲು ಆಚಾರಿಯನ್ನು ಕರೆಸಿ ಕೆಳಗಿನಿಂದ ಜಂತಿ ನೋಡಿಸಿದೆ. ಗೋಡೆಯೊಳಗೆ ಹೋಗುವ ತುದಿಯಲ್ಲಿ ಉಳಿ ಚುಚ್ಚಿದರೆ ಎರಡು ಜಂತಿ ಪುಡಿ ಪುಡಿ. ಗೆದ್ದಲು ಒಳಗೇ ತಿಂದಿತ್ತು, ಮೇಲೆ ಬಣ್ಣ ಚೆನ್ನಾಗಿಯೇ ಇತ್ತು. ಬದಲಾಯಿಸಲು ಮರ, ಕೂಲಿ, ಗೆದ್ದಲು ಔಷಧಿ ಸೇರಿ 31,000. ಟ್ರೆಡ್‌ಮಿಲ್‌ಗಿಂತ ಜಾಸ್ತಿ. ಆದರೂ ಮಾಡಿಸಿದ್ದಕ್ಕೆ ನನಗೆ ಹೆಮ್ಮೆಯೇ. ಜಂತಿಗೆ ಅಡ್ಡವಾಗಿ ಇಟ್ಟಿದ್ದೇವೆ, ಭಾರ ನಾಲ್ಕೈದು ಜಂತಿಗೆ ಹಂಚಿಕೊಳ್ಳುತ್ತದೆ. ನಡೆಯುವುದು ಮಾತ್ರ. ಓಡಿದರೆ ಒಂದೊಂದು ಹೆಜ್ಜೆಗೂ ಮೈ ತೂಕದ ಎರಡು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ, ಕೆಳಗೆ ದೇವರ ಕೋಣೆಯ ದೀಪ ಅಲುಗುತ್ತದೆ ಅಂತ ಅತ್ತೆ ಓಡಲು ಬಿಡುವುದಿಲ್ಲ.

ವಿರಾಜಪೇಟೆ ಅಣ್ಣ: 31,000 ಕೊಟ್ಟು ಜಂತಿ ಬದಲಾಯಿಸುವ ಬದಲು ಕೆಳಗೇ ಇಡಬಹುದಿತ್ತು.

ಸೋಮವಾರಪೇಟೆ ಅಕ್ಕ: ಗೆದ್ದಲು ಹಿಡಿದ ಜಂತಿ ಕೆಳಗೆ ಮಕ್ಕಳು ಮಲಗುತ್ತಿದ್ದರು. ಟ್ರೆಡ್‌ಮಿಲ್ ಬರದಿದ್ದರೂ ನಾನು ಬದಲಾಯಿಸುತ್ತಿದ್ದೆ. ನೀವು ನಿಮ್ಮ ಟೈಲ್ಸ್ ಬಣ್ಣ ನೋಡಿಕೊಳ್ಳಿ.