ಹಳೆ ಸ್ವಿಚ್ಚನ್ನು ಕ್ಲೈಂಟ್ ಮೋಡ್‌ನಲ್ಲಿ ಸೇರಿಸಿದರೆ ವಿಲ್ಯಾನ್‌ಗಳಿಗೆ ಅಪಾಯ ಇದೆಯಾ?

ಪ್ರಶ್ನೆ:
ಮುಧೋಳ ಕಡೆಯ ಸಕ್ಕರೆ ಕಾರ್ಖಾನೆ. ಸಿಸ್ಕೊ 2960 ಸ್ವಿಚ್ 11, ಎಲ್ಲವೂ ವಿಟಿಪಿ (ಸ್ವಿಚ್‌ಗಳ ನಡುವೆ ವಿಲ್ಯಾನ್ ಪಟ್ಟಿಯನ್ನು ತಾನಾಗಿ ಹಂಚುವ ವ್ಯವಸ್ಥೆ) ವರ್ಷನ್ 2. ವಿಲ್ಯಾನ್ (ಅದೇ ಸ್ವಿಚ್‌ಗಳ ಮೇಲೆ ಬೇರ್ಪಡಿಸಿದ ಜಾಲ) 10 ಲೆಕ್ಕಪತ್ರ, 20 ಕಬ್ಬಿನ ಕಾಟಾ, 30 ಕ್ಯಾಮೆರಾ. ಬೆಳಗಾವಿ ಆಫೀಸಿನಿಂದ ತೆಗೆದ ಹಳೆ ಸ್ವಿಚ್ ಒಂದನ್ನು ಕಾಟಾಕ್ಕೆ ಹಾಕಬೇಕು. ಎರಡೂ ಕಡೆ ಡೊಮೇನ್ ಹೆಸರು, ಪಾಸ್‌ವರ್ಡ್ ಒಂದೇ. ಕ್ಲೈಂಟ್ ಮೋಡ್ ಮಾಡಿ ಟ್ರಂಕ್‌ಗೆ (ಎಲ್ಲ ವಿಲ್ಯಾನ್‌ಗಳನ್ನೂ ಒಯ್ಯುವ, ಸ್ವಿಚ್‌ಗಳ ನಡುವಿನ ಕೊಂಡಿ) ಜೋಡಿಸಿದರೆ ಸಾಕಲ್ಲ? ಹಂಗಾಮು ನಡೆದಿದೆ, ಕಾಟಾ ನಿಲ್ಲುವಂತಿಲ್ಲ.

ಉತ್ತರ 1:
ಹಂಗ ಜೋಡಸಬ್ಯಾಡ್ರಿ. ಕ್ಲೈಂಟ್ ಅಂದ್ರ ಬರೇ ಕೇಳೂದು ಅಂತ ಭಾಳ ಮಂದಿ ತಿಳಕೊಂಡಾರ, ಖರೇ ಹಂಗಿಲ್ಲ. ವಿಟಿಪಿ ನೋಡೂದು ರಿವಿಷನ್ ನಂಬರ್, ಅಂದ್ರ ವಿಲ್ಯಾನ್ ಪಟ್ಟಿ ಬದಲಾದಂಗೆಲ್ಲಾ ಏರೂ ಎಣಿಕಿ. ಡೊಮೇನ್, ಪಾಸ್‌ವರ್ಡ್ ಕೂಡಿದ್ರ, ಯಾವುದರ ನಂಬರ್ ದೊಡ್ಡದೋ ಅದರ ಪಟ್ಟಿನ ಎಲ್ಲಾರೂ ತಗೋತಾರ, ಪಟ್ಟಿ ಬರಿಯೂ ಸರ್ವರ್ ಸ್ವಿಚ್ ಸುದ್ದಾ. ನಿಮ್ಮ ಸರ್ವರ್ 14, ಹಳೇದು 61 ಅನ್ರಿ. ಹಳೇದರಾಗ ವಿಲ್ಯಾನ್ 20 ಇರಲಿಲ್ಲಂದ್ರ ಎಲ್ಲಾ ಕಡೆ 20 ಹೋತು, ಅದರ ಪೋರ್ಟ್‌ಗಳು ಇನ್‌ಆಕ್ಟಿವ್.

ಟ್ರಂಕ್ ಕೇಬಲ್ ಹಾಕೂದಕ್ಕಿಂತ ಮೊದಲ ಕನ್ಸೋಲ್‌ನ್ಯಾಗ 'ವಿಟಿಪಿ ಮೋಡ್ ಟ್ರಾನ್ಸ್‌ಪರೆಂಟ್' (ಬ್ಯಾರೇದರ ಪಟ್ಟಿ ತಗೊಳ್ಳದ ತನ್ನದ ಇಟ್ಕೊಳ್ಳೂ ಮೋಡ್) ಕೊಡ್ರಿ, ಆಮ್ಯಾಲೆ 'ವಿಟಿಪಿ ಮೋಡ್ ಕ್ಲೈಂಟ್'. 'ಶೋ ವಿಟಿಪಿ ಸ್ಟೇಟಸ್' ಒಳಗ ರಿವಿಷನ್ 0 ಕಂಡ ಮ್ಯಾಲೇ ಕೇಬಲ್. 'ರೈಟ್ ಇರೇಸ್' ನಂಬಬ್ಯಾಡ್ರಿ: ಅದು ಸ್ಟಾರ್ಟಪ್ ಕಾನ್ಫಿಗ್ ಅಷ್ಟ ಅಳಸ್ತದ, ಫ್ಲ್ಯಾಶ್‌ನ್ಯಾಗಿನ ವಿಲ್ಯಾನ್ ಡಾಟ್ ಡ್ಯಾಟ್ ಫೈಲ್ ಹಂಗ ಉಳೀತದ. ರಿವಿಷನ್ ಕುಂತಿರೂದು ಅದರಾಗ.

ಉತ್ತರ 2:
ಮೇಲಿನದು ಸರಿ. ಅಕಸ್ಮಾತ್ ಅಳಿಸಿಹೋದರೂ ಪೋರ್ಟ್‌ಗಳನ್ನು ಒಂದೊಂದಾಗಿ ಮತ್ತೆ ಕಾನ್ಫಿಗರ್ ಮಾಡಲು ಕೂರಬೇಡಿ. 'ಸ್ವಿಚ್‌ಪೋರ್ಟ್ ಆಕ್ಸೆಸ್ ವಿಲ್ಯಾನ್ 20' ಸಾಲು ಪೋರ್ಟ್‌ನಲ್ಲಿ ಹಾಗೇ ಇರುತ್ತದೆ. ಹಳೆ ಸ್ವಿಚ್ ಕಿತ್ತು, ಸರ್ವರ್‌ನಲ್ಲಿ 10, 20, 30 ಮತ್ತೆ ರಚಿಸಿದರೆ ಪೋರ್ಟ್‌ಗಳು ತಾವಾಗಿಯೇ ಎದ್ದು ಬರುತ್ತವೆ. ಅದಕ್ಕೇ 'ಶೋ ವಿಲ್ಯಾನ್ ಬ್ರೀಫ್' ಪ್ರತಿ ಮೊದಲೇ ತೆಗೆದಿಡಿ.

ನನ್ನ ಕೇಳಿದರೆ 11 ಸ್ವಿಚ್, ಮೂರು ವಿಲ್ಯಾನ್‌ಗೆ ವಿಟಿಪಿಯೇ ಬೇಡ. ಎಲ್ಲವನ್ನೂ ಟ್ರಾನ್ಸ್‌ಪರೆಂಟ್ ಮಾಡಿ ಕೈಯಿಂದಲೇ ಬರೆಯಿರಿ, ಅರ್ಧ ತಾಸಿನ ಕೆಲಸ. ಒಂದೇ ಎಚ್ಚರ: ನಡುವಿನ ಸ್ವಿಚ್‌ನಲ್ಲಿ ವಿಲ್ಯಾನ್ 20 ರಚಿಸುವುದು ಮರೆತರೆ, ಅಲ್ಲಿ ಆ ವಿಲ್ಯಾನಿನ ಪೋರ್ಟ್ ಒಂದೂ ಇಲ್ಲದಿದ್ದರೂ, ಕಾಟಾದ ಟ್ರಾಫಿಕ್ ಅದನ್ನು ದಾಟುವುದಿಲ್ಲ.

ಉತ್ತರ 3:
ವಿಟಿಪಿ ಬೇಕೇ ಬೇಕು ಅಂದರೆ ವರ್ಷನ್ 3ಕ್ಕೆ ಹೋಗಿ, ನಿಮ್ಮ ಐಒಎಸ್‌ನಲ್ಲಿ (ಸ್ವಿಚ್‌ನ ಸಿಸ್ಕೊ ತಂತ್ರಾಂಶ) ಇದ್ದರೆ. ಅದರಲ್ಲಿ ಪ್ರೈಮರಿ ಸರ್ವರ್ ಒಂದೇ ಪಟ್ಟಿ ಬದಲಿಸಬಲ್ಲದು. ವರ್ಷನ್ 2ರ ಸ್ವಿಚ್ ಎಷ್ಟೇ ದೊಡ್ಡ ರಿವಿಷನ್ ತಂದರೂ ಅದರ ಮಾತು ಕೇಳುವುದಿಲ್ಲ. ಪ್ರೈಮರಿ ಮಾಡುವ 'ವಿಟಿಪಿ ಪ್ರೈಮರಿ' ಆಜ್ಞೆಯನ್ನು ಕಾನ್ಫಿಗ್ ಮೋಡ್‌ನಲ್ಲಿ ಹುಡುಕಬೇಡಿ, ಎಕ್ಸೆಕ್‌ನಲ್ಲಿದೆ (ಕಾನ್ಫಿಗ್‌ಗೆ ಹೋಗುವ ಮೊದಲಿನ ಹಂತ). ರೀಲೋಡ್ ಆದರೆ, ಕರೆಂಟ್ ಹೋಗಿ ಬಂದರೂ ಅಷ್ಟೇ, ಆ ಪಟ್ಟ ಹೋಗುತ್ತದೆ. ವಿಲ್ಯಾನ್‌ಗಳು ಉಳಿಯುತ್ತವೆ, ಹೊಸದು ಸೇರಿಸುವಾಗ ಮಾತ್ರ ಮತ್ತೆ ಕೊಡಬೇಕು.

ಪ್ರಶ್ನೆ ಕೇಳಿದವರು:
ಸರ್ವರ್ 22, ಹಳೇದು 97 ಇತ್ತು! ಟ್ರಾನ್ಸ್‌ಪರೆಂಟ್ ಮಾಡಿದೆ, 0 ಆಯ್ತು. ಅದೇ ಮೋಡ್‌ನಲ್ಲಿ ಬಿಟ್ಟು ವಿಲ್ಯಾನ್ 20 ಕೈಯಿಂದ ಬರೆಯುತ್ತೇನೆ.

ಉತ್ತರ 1:
ಛಲೋ ಆತು. ಟ್ರಂಕ್‌ನ ಅಲೌಡ್ ಪಟ್ಟಿಯೊಳಗ (ಟ್ರಂಕ್ ದಾಟಾಕ ಬಿಡೂ ವಿಲ್ಯಾನ್‌ಗಳ ಪಟ್ಟಿ) 20 ಐತೇನ್ ನೋಡ್ರಿ, ಎರಡೂ ತುದಿಗೆ.