ಪೇಟೆ ಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲ: ನಿಮ್ಮೂರಿನಲ್ಲಿ ಏನು ಮಾಡಿದಿರಿ?

ಕೇಳಿದವರು: ಸೀರೆ ಅಂಗಡಿ, ಚಿಕ್ಕಮಗಳೂರು

ಎಂ.ಜಿ. ರಸ್ತೆಯಲ್ಲಿ ನಮ್ಮದು ತಂದೆಯ ಕಾಲದ ಅಂಗಡಿ. ವಾರದ ದಿನಗಳಲ್ಲಿಯೇ ಗಾಡಿ ನಿಲ್ಲಿಸಲು ಪರದಾಟ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬಂದ ಪ್ರವಾಸಿಗರ ಕಾರುಗಳೂ ಸೇರಿದರೆ ಕೇಳುವುದೇ ಬೇಡ. ಮದುವೆ ಜವಳಿಗೆಂದು ಬಂದವರು ಎರಡು ಸುತ್ತು ಹೊಡೆದು, ಬೇಸತ್ತು, ಊರಾಚೆಯ ಮಳಿಗೆಗೆ ಹೋಗಿಬಿಡುತ್ತಾರೆ. ಬಹುಮಹಡಿ ಪಾರ್ಕಿಂಗ್ ಕಟ್ಟಿಸಿಕೊಡಿ ಎಂದು ವರ್ತಕರೆಲ್ಲ ಸೇರಿ ಮನವಿ ಬರೆಯುತ್ತಿದ್ದೇವೆ. ಅನುಭವ ಇರುವವರು ಹೇಳಿ.

ಪಾತ್ರೆ ಅಂಗಡಿ, ಹುಬ್ಬಳ್ಳಿ

ಮನವಿಗೆ ಸಹಿ ಹಾಕಿಸುವ ಮೊದಲು ಒಂದು ಕೆಲಸ ಮಾಡಿ ಸಾಹುಕಾರರೇ. ಐದಾರು ವರ್ಷದ ಹಿಂದೆ ನಾವೂ ಇದೇ ಕೂಗು ಹಾಕಿದವರು. ಅಂಗಡಿಯ ಹುಡುಗನೊಬ್ಬನ ಕೈಗೆ ಹಳೆಯ ಉದ್ರಿ ಪುಸ್ತಕ ಕೊಟ್ಟು, ದುರ್ಗದಬೈಲಿನ ನಮ್ಮ ಓಣಿಯಲ್ಲಿ ನಿಂತ ಗಾಡಿಗಳ ನಂಬರನ್ನು ತಾಸಿಗೊಮ್ಮೆ ಬರೆಸಿದೆವು. ಷಟರ್ ಎತ್ತುವ ಹೊತ್ತಿಗೆ ಬರೆದ ನಂಬರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಾತ್ರಿ ಎಂಟರ ಪುಟದಲ್ಲಿಯೂ ಇದ್ದವು. ಪಾತ್ರೆ ಕೊಳ್ಳಲು ಬಂದವರು ಹತ್ತು ತಾಸು ಇರುತ್ತಾರೆಯೇ? ಎಲ್ಲ ನಮ್ಮವೇ: ಮಾಲೀಕರ ಸ್ಕೂಟರು, ಕೆಲಸದವರ ಬೈಕು, ಮೇಲಿನ ಮಹಡಿಯ ವಕೀಲರ ಕಾರು. ನನ್ನ ಸ್ಕೂಟರು ನನ್ನದೇ ಅಂಗಡಿಯ ಮೆಟ್ಟಿಲಿಗೆ ಅಡ್ಡ ನಿಂತಿತ್ತು. ಅದರ ಸೀಟಿನ ಮೇಲೆ ಗಿರಾಕಿಯೊಬ್ಬರು ಕುಕ್ಕರ್ ಇಟ್ಟುಕೊಂಡು ಚಿಲ್ಲರೆ ಎಣಿಸುತ್ತಿದ್ದರು.

ಓಣಿಯ ಹಿಂದೆ ಪಾಳುಬಿದ್ದಿದ್ದ ಗೋದಾಮಿನ ಅಂಗಳವನ್ನು ಬಾಡಿಗೆಗೆ ಹಿಡಿದು ನಮ್ಮ ಗಾಡಿಗಳನ್ನು ಅಲ್ಲಿಗೆ ಸಾಗಿಸಿದೆವು. ಕೆಲಸದ ಹುಡುಗರು ಮರುದಿನವೇ ಒಪ್ಪಿದರು, ಮಾಲೀಕರನ್ನು ಒಪ್ಪಿಸಲು ಎರಡು ತಿಂಗಳು ಹಿಡಿಯಿತು. ಅಂಗಡಿಯ ಮುಂದಿನ ರಸ್ತೆಯೂ ತಮ್ಮ ಹೆಸರಿನಲ್ಲಿಯೇ ಇದೆ ಎನ್ನುವಂತೆ ಕಲ್ಲು, ಹೂಕುಂಡ ಇಟ್ಟು ಕಾದವರೂ ಇದ್ದರು. ಸರಕಿನ ಟೆಂಪೋಗಳು ಬೆಳಿಗ್ಗೆ ಹತ್ತರೊಳಗೆ ಖಾಲಿ ಮಾಡಿ ಹೋಗಬೇಕೆಂದೂ ಗೊತ್ತುಮಾಡಿಕೊಂಡೆವು. ದೀಪಾವಳಿಯ ಮುಂಚಿನ ವಾರ ಮಾತ್ರ ಅದು ನಡೆಯುವುದಿಲ್ಲ.

ನಗರ ಯೋಜನೆ ಪಾಠ ಹೇಳುವವನು, ಮೈಸೂರು

ಹುಬ್ಬಳ್ಳಿಯವರು ಹೇಳಿದ ರೋಗ ಹಳೆಯದು. 1935ರ ಜುಲೈನಲ್ಲಿ ಅಮೆರಿಕದ ಓಕ್ಲಹೋಮ ಸಿಟಿಯಲ್ಲಿ ಜಗತ್ತಿನ ಮೊದಲ ಪಾರ್ಕಿಂಗ್ ಮೀಟರ್, ಅಂದರೆ ನಾಣ್ಯ ಹಾಕಿದರೆ ಇಂತಿಷ್ಟು ಹೊತ್ತು ಮಾತ್ರ ಗಾಡಿ ನಿಲ್ಲಿಸಲು ಬಿಡುವ ಯಂತ್ರ, ನೆಟ್ಟದ್ದು ಇದೇ ಕಾರಣಕ್ಕೆ. ಪೇಟೆಯಲ್ಲಿ ಕೆಲಸ ಮಾಡುವವರು ಬೆಳಿಗ್ಗೆ ನಿಲ್ಲಿಸಿದ ಕಾರನ್ನು ಸಂಜೆಯವರೆಗೆ ಕದಲಿಸುತ್ತಿರಲಿಲ್ಲ, ಕೊಳ್ಳುವವರಿಗೆ ಜಾಗವಿರಲಿಲ್ಲ. ಐದು ಸೆಂಟ್ ನಾಣ್ಯ ಹಾಕಬೇಕೆಂದ ಮೇಲೆ ಜಾಗ ತೆರವಾಗತೊಡಗಿತು. ಕ್ಯಾಲಿಫೋರ್ನಿಯಾದ ಪಾಸಡೀನಾದ ಹಳೆ ಪೇಟೆಗೆ 1993ರಲ್ಲಿ ಮೀಟರ್ ತರಲು ಹೊರಟಾಗ ವರ್ತಕರು ವಿರೋಧಿಸಿದರು. ಬಂದ ಹಣವನ್ನು ಅದೇ ಪೇಟೆಯ ಪಾದಚಾರಿ ಮಾರ್ಗ, ದೀಪ, ಸ್ವಚ್ಛತೆಗೇ ಖರ್ಚು ಮಾಡುತ್ತೇವೆ ಎಂದ ಮೇಲೆ ಒಪ್ಪಿದರು. ನಿಮ್ಮ ಮನವಿಯಲ್ಲಿ ಈ ಷರತ್ತು ಇರಲಿ. ಶುಲ್ಕವೆಲ್ಲ ನಗರಸಭೆಯ ಸಾಮಾನ್ಯ ಖಾತೆಗೆ ಹೋದರೆ ಬೀದಿಗೆ ಉಳಿಯುವುದು ಗುತ್ತಿಗೆದಾರನ ರಸೀದಿ ಪುಸ್ತಕ ಮಾತ್ರ.

ಜವಳಿ ಸಗಟು ವ್ಯಾಪಾರಿ, ಬೆಂಗಳೂರು

ಕಟ್ಟಡದ ಬಗ್ಗೆ ಒಂದು ಮಾತು. ಇಲ್ಲಿ ಫ್ರೀಡಂ ಪಾರ್ಕ್ ಬಳಿಯ ಬಹುಮಹಡಿ ಪಾರ್ಕಿಂಗ್ ವರ್ಷಗಟ್ಟಲೆ ಎಳೆದು 2024ರಲ್ಲಿ ತೆರೆಯಿತು. ಶುರುವಿನ ದಿನಗಳಲ್ಲಿ ಒಳಗೆ ಮಹಡಿಗಳು ಖಾಲಿ, ಹೊರಗೆ ರಸ್ತೆ ಭರ್ತಿ. ರಸ್ತೆಬದಿ ಪುಕ್ಕಟೆ ಇರುವಾಗ ದುಡ್ಡು ಕೊಟ್ಟು ಮಹಡಿ ಹತ್ತುವವರು ಯಾರು? ನಮ್ಮ ಚಿಕ್ಕಪೇಟೆಗೆ ನಿಜವಾಗಿ ಉಪಕಾರವಾದದ್ದು 2017ರಲ್ಲಿ ತೆರೆದ ಮೆಟ್ರೊ ನಿಲ್ದಾಣದಿಂದ. ನಿಮ್ಮಲ್ಲಿ ಮೆಟ್ರೊ ಇಲ್ಲ, ಸರಿ. ಬಸ್ ನಿಲ್ದಾಣದಿಂದ ನಿಮ್ಮ ಅಂಗಡಿಯವರೆಗೆ ಚರಂಡಿ ದಾಟದೆ ನಡೆದು ಬರಬಹುದೇ, ಒಮ್ಮೆ ನೀವೇ ನಡೆದು ನೋಡಿ.

ಬರೀ ಗಿರಾಕಿ, ಹಾಸನ

ಗಿರಾಕಿಯನ್ನು ಯಾರೂ ಕೇಳಲಿಲ್ಲವಲ್ಲ! ಮೊಣಕಾಲು ನೋವಿನ ಅಮ್ಮನನ್ನು ಅಂಗಡಿಯ ಬಾಗಿಲಲ್ಲಿ ಇಳಿಸಲು ಎರಡು ನಿಮಿಷದ ಜಾಗ ಬಿಡಿ, ಸಾಕು. ಆಮೇಲೆ ಕಾರನ್ನು ಎಲ್ಲಿ ಬೇಕಾದರೂ ನಿಲ್ಲಿಸಿ ನಡೆದು ಬರುತ್ತೇನೆ.

ಸೀರೆ ಅಂಗಡಿ, ಚಿಕ್ಕಮಗಳೂರು

ಎಲ್ಲರಿಗೂ ಧನ್ಯವಾದ. ಹುಬ್ಬಳ್ಳಿಯವರೇ, ಆ ಅಂಗಳದ ಬಾಡಿಗೆ ಯಾರು ಕೊಡುತ್ತಾರೆ?

ಪಾತ್ರೆ ಅಂಗಡಿ, ಹುಬ್ಬಳ್ಳಿ

ಗಾಡಿ ಎಣಿಸಿ, ಅಂಗಡಿಗೆ ಇಷ್ಟು ಎಂದು ಹಂಚಿಕೊಂಡಿದ್ದೇವೆ. ಕೆಲಸದವರಿಂದ ಪೈಸೆ ಕೇಳಬೇಡಿ, ಕೇಳಿದರೆ ಬೈಕು ಮತ್ತೆ ಓಣಿಗೆ ಬಂದು ನಿಲ್ಲುತ್ತದೆ. ಒಬ್ಬ ಕಾವಲುಗಾರ ಬೇಕೇ ಬೇಕು. ಮೊದಲ ವಾರವೇ ನಮ್ಮ ಹುಡುಗರ ಮೂರು ಹೆಲ್ಮೆಟ್ ಹೋದವು. ಆ ಉದ್ರಿ ಪುಸ್ತಕ ಇನ್ನೂ ಗಲ್ಲಾಪೆಟ್ಟಿಗೆಯಲ್ಲಿದೆ, ನಾಳೆ ಒಂದೆರಡು ಪುಟದ ಫೋಟೊ ಹಾಕುತ್ತೇನೆ.