ಚೆರ್ರಿ ಸೀಗಡಿಯ ಕೆಂಪು ತಲೆಮಾರಿನಿಂದ ತಲೆಮಾರಿಗೆ ಮಾಸುತ್ತಿದೆ: ಆಯ್ಕೆಯಲ್ಲಿ ಎಲ್ಲಿ ತಪ್ಪುತ್ತಿದ್ದೇನೆ?

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಮನೆಯ ಅಕ್ವೇರಿಯಂನಲ್ಲಿ ಚೆರ್ರಿ ಸೀಗಡಿಗಳನ್ನು ಸಾಕುತ್ತಿದ್ದೇನೆ. ಬೆಂಗಳೂರಿನಿಂದ ತಂದ ಹದಿನೈದರಿಂದ ಆರಂಭವಾದ ಸಂಸಾರ ಈಗ ಇನ್ನೂರರ ಹತ್ತಿರ ಬಂದಿದೆ. ತಂದಾಗ ಅವುಗಳ ಕಾಲುಗಳು ಕೂಡ ಕುಂಕುಮದಷ್ಟು ಕೆಂಪಾಗಿದ್ದವು. ಈಗಿನ ಮರಿಗಳಲ್ಲಿ ಬೆನ್ನಿನ ಮೇಲೆ ಮಾತ್ರ ಕೆಂಪು ಉಳಿದಿದ್ದು, ಪಕ್ಕೆಗಳು ಗಾಜಿನಂತೆ ಪಾರದರ್ಶಕವಾಗಿವೆ. ಒಳ್ಳೆಯ ಬಣ್ಣದ ದೊಡ್ಡ ಹೆಣ್ಣುಗಳನ್ನು ನೋಡಿ ನೋಡಿ ಉಳಿಸಿಕೊಂಡು, ಮಸುಕಾದ ಹೆಣ್ಣುಗಳನ್ನು ತೆಗೆಯುತ್ತಲೇ ಬಂದಿದ್ದೇನೆ. ಆದರೂ ಫಲ ಕಾಣುತ್ತಿಲ್ಲ.

ಇದರ ಜೊತೆಗೆ, ಕಳೆದ ಯುಗಾದಿಯ ಸುಮಾರಿಗೆ ಚೆಂದ ಕಂಡಿತೆಂದು ಆರು ನೀಲಿ ಸೀಗಡಿಗಳನ್ನು ತಂದು ಇದೇ ತೊಟ್ಟಿಗೆ ಬಿಟ್ಟಿದ್ದೆ. ಈಗ ಅಲ್ಲಲ್ಲಿ ಕೆಂಪೂ ಅಲ್ಲದ, ನೀಲಿಯೂ ಅಲ್ಲದ, ಕೆಸರಿನ ಬಣ್ಣದ ಮರಿಗಳು ಕಾಣಿಸುತ್ತಿವೆ. ಶ್ರಾವಣದಲ್ಲಿ ಹತ್ತು ಹನ್ನೆರಡು ಸೀಗಡಿಗಳು ನಡುಬೆನ್ನಿನಲ್ಲಿ ಬಿಳಿಯ ಉಂಗುರ ಮೂಡಿ ಸತ್ತವು. ನೀರು ನಮ್ಮ ಬಾವಿಯದೇ. ಇರುವ ಸೀಗಡಿಗಳಿಂದಲೇ ಮತ್ತೆ ಗಾಢ ಕೆಂಪಿನ ಸಾಲನ್ನು (ಬಣ್ಣ ಕೆಡದೆ ಮುಂದುವರಿಯುವ ವಂಶವನ್ನು) ಕಟ್ಟಲು ಸಾಧ್ಯವೇ, ಅಥವಾ ಎಲ್ಲವನ್ನೂ ಬಿಟ್ಟು ಹೊಸದಾಗಿ ಕೊಳ್ಳಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಇಕ್ಕೇರಿ (ಸಾಗರ)

ತಮ್ಮ ತೊಟ್ಟಿಯಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದರ ಮೇಲೊಂದು ಕೂತಿವೆ ಎಂದು ತೋರುತ್ತದೆ. ನೀಲಿಯ ವಿಷಯವನ್ನು ಮೊದಲು ಮುಗಿಸಿಬಿಡೋಣ. ಚೆರ್ರಿ, ಬ್ಲೂ ಡ್ರೀಮ್, ಯೆಲ್ಲೋ, ಚಾಕೊಲೇಟ್ ಎಂದು ಅಂಗಡಿಯಲ್ಲಿ ಎಷ್ಟೇ ಹೆಸರುಗಳಿದ್ದರೂ ಅವೆಲ್ಲವೂ ನಿಯೋಕ್ಯಾರಿಡಿನಾ ಡೇವಿಡಿ ಎಂಬ ಒಂದೇ ಪ್ರಭೇದದ ಬಣ್ಣಗಳು. ಚೀನಾ ಮತ್ತು ತೈವಾನಿನ ಹೊಳೆಗಳಲ್ಲಿರುವ ಅದರ ಮೂಲ ರೂಪ ಕಂದು ಮಿಶ್ರಿತ ಪಾರದರ್ಶಕ ಬಣ್ಣದ್ದು. ಕೆಂಪು ಸಾಲಿನಲ್ಲಿ ಒಂದು ಬಗೆಯ ವರ್ಣಕೋಶಗಳ ವ್ಯವಸ್ಥೆ ಬದಲಾಗಿದ್ದರೆ ನೀಲಿಯಲ್ಲಿ ಇನ್ನೊಂದು ಬದಲಾಗಿದೆ. ಎರಡನ್ನೂ ಬೆರೆಸಿದಾಗ, ಸ್ಥೂಲವಾಗಿ ಹೇಳುವುದಾದರೆ, ಒಂದರಲ್ಲಿ ಕೆಟ್ಟಿದ್ದನ್ನು ಇನ್ನೊಂದು ತುಂಬಿಕೊಡುವುದರಿಂದ ಮರಿ ಮರಳಿ ಅಜ್ಜನ ಬಣ್ಣಕ್ಕೇ ಹೋಗುತ್ತದೆ. ಹಾಗಾಗಿ ಉಳಿದಿರುವ ನೀಲಿಗಳನ್ನೂ ಕಂದು ಮರಿಗಳನ್ನೂ ಇಂದೇ ಬೇರೆ ತೊಟ್ಟಿಗೆ ವರ್ಗಾಯಿಸಬೇಕು. ಕೆಂಪಾಗಿಯೇ ಕಾಣುವ ಮರಿಗಳಲ್ಲೂ ಕೆಲವು ಮಿಶ್ರ ಸಂತಾನವಾಗಿರಬಹುದಾದ್ದರಿಂದ, ಯುಗಾದಿಗೆ ಮೊದಲೇ ಹುಟ್ಟಿದವೆಂದು ಖಚಿತವಿರುವ ಹಳೆಯ ಸೀಗಡಿಗಳಿಂದಲೇ ಹೊಸ ಸಾಲನ್ನು ಆರಂಭಿಸುವುದು ಕ್ಷೇಮ. ಇವುಗಳ ಆಯುಸ್ಸೇ ಒಂದರಿಂದ ಎರಡು ವರ್ಷವಾದ್ದರಿಂದ ತಡಮಾಡುವಂತಿಲ್ಲ.

ಆದರೆ ನೀಲಿ ಬರುವ ಮೊದಲೇ ಕೆಂಪು ಮಾಸತೊಡಗಿತ್ತಲ್ಲವೇ? ಅದಕ್ಕೆ ಕಾರಣ ತಮ್ಮ ಪ್ರಶ್ನೆಯಲ್ಲೇ ಇದೆ. ತಾವು ಆರಿಸಿದ್ದು ಹೆಣ್ಣುಗಳನ್ನು ಮಾತ್ರ. ಈ ಸೀಗಡಿಯಲ್ಲಿ ಹೆಣ್ಣು ದೊಡ್ಡದು, ಹೊಟ್ಟೆ ದುಂಡಗೆ ಕೆಳಗೆ ಬಾಗಿರುತ್ತದೆ, ಬಣ್ಣ ದಟ್ಟ. ಗಂಡು ಸಣ್ಣದು, ತೆಳುವಾದ ನೇರ ಮೈಯದು, ಸ್ವಭಾವತಃ ಮಸುಕು. ಹೆಣ್ಣಿನ ಮೇಲೆಯೇ ಕಣ್ಣು ನಿಲ್ಲುವುದು ಸಹಜ. ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಎಷ್ಟೇ ಒಳ್ಳೆಯ ತಾಯಿಮರವನ್ನು ಗುರುತಿಸಿ ಬೀಜದ ಗೋಟು ತೆಗೆದರೂ, ಪರಾಗ ಪಕ್ಕದ ಯಾವ ಮರದಿಂದ ಬಂತೆಂಬುದು ನಮ್ಮ ಕೈಯಲ್ಲಿರುವುದಿಲ್ಲ. ತೊಟ್ಟಿಯಲ್ಲಿ ಅದು ನಮ್ಮ ಕೈಯಲ್ಲಿದೆ, ಆದರೂ ನಾವು ಬಿಟ್ಟುಬಿಡುತ್ತೇವೆ. ಹೆಣ್ಣು ಪೊರೆ ಕಳಚಿದ ಕೂಡಲೇ ತೊಟ್ಟಿಯ ಗಂಡುಗಳೆಲ್ಲ ಹುಚ್ಚೆದ್ದು ಈಜಾಡುವುದನ್ನು ನೋಡಿರುತ್ತೀರಿ; ಆಗ ಮೊದಲು ಮುಟ್ಟುವುದು ಗಾಜಿನಂಥ ಗಂಡೇ ಆಗಿರಬಹುದು.

ಆದ್ದರಿಂದ ಗಂಡುಗಳನ್ನು ಗಂಡುಗಳೊಂದಿಗೇ ಹೋಲಿಸಿ ಆರಿಸಬೇಕು. ಒಂದೂಕಾಲು ಸೆಂಟಿಮೀಟರಿನಷ್ಟು ಬೆಳೆದಾಗ ಲಿಂಗ ತಿಳಿಯತೊಡಗುತ್ತದೆ. ಆಗ ಗಂಡುಗಳನ್ನೆಲ್ಲ ಒಂದು ಬಿಳಿ ಬಟ್ಟಲಿಗೆ ತೆಗೆದು, ಹಗಲು ಬೆಳಕಿನಲ್ಲಿ ಹತ್ತು ನಿಮಿಷ ಬಿಟ್ಟು, ಪಕ್ಕೆಯ ಚಿಪ್ಪಿನ ಕೆಳ ಅಂಚಿನವರೆಗೂ ಕೆಂಪು ಇಳಿದಿದೆಯೇ, ಕಾಲುಗಳಲ್ಲಿ ಬಣ್ಣವಿದೆಯೇ ಎಂಬುದನ್ನು ನೋಡಿ. ನನ್ನ ರೂಢಿಯಲ್ಲಿ ಇಪ್ಪತ್ತು ಗಂಡುಗಳಲ್ಲಿ ನಾಲ್ಕೈದು ಮಾತ್ರ ಉಳಿಯುತ್ತವೆ. ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಹೆಣ್ಣು ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ನಾಲ್ಕು ವಾರಗಳ ಕಾಲ ಹೊಟ್ಟೆಯಡಿ ಹೊರುತ್ತದೆ, ಮರಿ ಮೂರು ತಿಂಗಳಿಗೆ ಪ್ರಾಯಕ್ಕೆ ಬರುತ್ತದೆ. ಎಂದರೆ ವರ್ಷಕ್ಕೆ ಎರಡು ಮೂರು ತಲೆಮಾರುಗಳು ಸಿಗುತ್ತವೆ.

ಕೊಪ್ಪದ ತೋಟಿಗ

ಇಕ್ಕೇರಿಯವರ ಮಾತಿಗೆ ನೀರಿನ ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ಬದುಕಿ ಉಳಿದವುಗಳಲ್ಲಿ ತಾನೇ ನಾವು ಆರಿಸುವುದು. ಜಂಬಿಟ್ಟಿಗೆ ನೆಲದ ನಮ್ಮ ಬಾವಿಗಳಲ್ಲಿ ಸುಣ್ಣದ ಅಂಶ ಬಹಳ ಕಡಿಮೆ. ನನ್ನ ಬಾವಿಯ ನೀರಿಗೆ ಟಿಡಿಎಸ್ ಮೀಟರ್ (ಕರಗಿದ ಲವಣಗಳನ್ನು ಅಳೆಯುವ ಸಾಧನ) ಅದ್ದಿದರೆ ಬೇಸಿಗೆಯಲ್ಲಿ 60, ಆಷಾಢದ ಮಳೆಯಲ್ಲಿ 30ಕ್ಕೆ ಇಳಿಯುತ್ತದೆ. ಚೆರ್ರಿ ಸೀಗಡಿಗೆ ಜಿಎಚ್ (ನೀರಿನ ಗಡಸುತನದ ಅಳತೆ) 6ರಿಂದ 8ರಷ್ಟಾದರೂ ಇರಬೇಕು. ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಲದಿದ್ದರೆ ಅಥವಾ ಮಳೆಯಿಂದ ತೆಳುವಾದ ಬಾವಿನೀರನ್ನು ಒಮ್ಮೆಲೇ ಅರ್ಧ ತೊಟ್ಟಿ ಬದಲಿಸಿದರೆ ಅವು ಸಿದ್ಧತೆಯಿಲ್ಲದೆ ಪೊರೆ ಕಳಚಲು ಹೊರಟು ನಡುವೆಯೇ ಸಿಕ್ಕಿಕೊಳ್ಳುತ್ತವೆ. ತಾವು ಕಂಡ ಬಿಳಿ ಉಂಗುರ ಅದೇ. ಸೀಗಡಿಗೆಂದೇ ಸಿಗುವ ಖನಿಜ ಲವಣವನ್ನು ಬಕೆಟ್ಟಿನಲ್ಲಿ ಕರಗಿಸಿ, ವಾರಕ್ಕೆ ಹತ್ತನೇ ಒಂದು ಭಾಗದಷ್ಟು ನೀರನ್ನು ಮಾತ್ರ ಬದಲಿಸಿ.

ಇನ್ನೊಂದು ಮಾತನ್ನು ಸ್ವಂತ ನಷ್ಟದಿಂದ ಕಲಿತೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಕಲಸಿದ ಡ್ರಮ್ಮು, ಬಕೆಟ್ಟು, ಕೈ ಇವು ಯಾವುವೂ ತೊಟ್ಟಿಯ ಹತ್ತಿರ ಸುಳಿಯಬಾರದು. ತಾಮ್ರ ಸೀಗಡಿಗೆ ವಿಷ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಬೀಳುವ ದ್ರಾವಣದ ನಾಲ್ಕು ಹನಿ ಸಣ್ಣ ತೊಟ್ಟಿಗೆ ಸಾಕೇ ಸಾಕು. ಚಳಿಗಾಲದಲ್ಲಿ ನೀರು ತಣ್ಣಗಿದೆಯೆಂದು ಬಚ್ಚಲಿನ ತಾಮ್ರದ ಹಂಡೆಯಿಂದ ಬೆಚ್ಚನೆಯ ನೀರನ್ನು ಸೇರಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಕುವೆಂಪುನಗರ (ಶಿವಮೊಗ್ಗ)

ಮೇಲಿನವರ ಮಾತನ್ನು ಬಹುತೇಕ ಒಪ್ಪುತ್ತೇನೆ, ಆದರೆ ಇಪ್ಪತ್ತರಲ್ಲಿ ನಾಲ್ಕು ಗಂಡು ಎಂಬ ಬಿಗಿ ಆಯ್ಕೆಯ ಬಗ್ಗೆ ನನಗೆ ಅಳುಕಿದೆ. ಹದಿನೈದರಿಂದ ಹುಟ್ಟಿದ ಸಂಸಾರದಲ್ಲಿ ಎಲ್ಲವೂ ಈಗಾಗಲೇ ಹತ್ತಿರದ ಸಂಬಂಧಿಗಳು. ಪ್ರತಿ ತಲೆಮಾರಿನಲ್ಲೂ ಇಷ್ಟು ಬಿಗಿಯಾಗಿ ಹಿಡಿದರೆ ಬಣ್ಣ ಬರುತ್ತದೆ, ಜೊತೆಗೆ ಮೊಟ್ಟೆಗಳ ಸಂಖ್ಯೆ ಕುಗ್ಗುತ್ತದೆ, ಮರಿಗಳು ನಿಲ್ಲುವುದಿಲ್ಲ. ನನ್ನ ಹಳದಿ ಸಾಲು ಐದನೇ ತಲೆಮಾರಿಗೆ ಹೀಗೆಯೇ ಸೊರಗಿಹೋಯಿತು. ಎರಡು ತೊಟ್ಟಿಗಳಲ್ಲಿ ಎರಡು ಕೆಂಪು ಸಾಲುಗಳನ್ನು ಬೇರೆಯಾಗಿ ಬೆಳೆಸಿ, ಮೂರು ನಾಲ್ಕು ತಲೆಮಾರಿಗೊಮ್ಮೆ ಒಂದು ಸಾಲಿನ ಕೆಲವು ಗಂಡುಗಳನ್ನು ಇನ್ನೊಂದಕ್ಕೆ ತರುವುದು ಒಳ್ಳೆಯ ಕ್ರಮ. ಹೊರಗಿನಿಂದ ತರುವುದಾದರೆ ಕೆಂಪು ಎಂಬುದಷ್ಟೇ ಸಾಲದು. ಫೈರ್ ರೆಡ್ ಮತ್ತು ಬ್ಲಡಿ ಮೇರಿ ಎಂಬ ಎರಡು ಬಗೆಗಳೂ ಕೆಂಪೇ, ಆದರೆ ಮೂಲ ಬೇರೆಯಾದ್ದರಿಂದ ಅವುಗಳ ಕೂಡಿಕೆಯಲ್ಲಿಯೂ ಕಂದು ಮರಿಗಳು ಬರಬಹುದು.

ಇನ್ನು ನೋಡುವ ಕಣ್ಣಿನ ವಿಷಯ. ಕಪ್ಪು ಮಣ್ಣಿನ ಮೇಲೆ ಸೀಗಡಿ ಬಣ್ಣವನ್ನು ದಟ್ಟವಾಗಿಸಿಕೊಳ್ಳುತ್ತದೆ, ಬಿಳಿ ಮರಳಿನ ಮೇಲೆ ಕಳೆದುಕೊಳ್ಳುತ್ತದೆ. ಕೆಂಪಿನ ಮೂಲವಸ್ತುವಾದ ಕ್ಯಾರೊಟಿನಾಯ್ಡ್ ಆಹಾರದಿಂದ, ಪಾಚಿಯಿಂದ ಬರಬೇಕು. ಅದನ್ನು ಸೀಗಡಿ ತಾನೇ ತಯಾರಿಸಲಾರದು. ವಯಸ್ಸಾದ ಹೆಣ್ಣು ಎಳೆಯ ಹೆಣ್ಣಿಗಿಂತ ಕೆಂಪಾಗಿರುತ್ತದೆ. ಇವು ಯಾವುವೂ ಮರಿಗಳಿಗೆ ಬಳುವಳಿಯಾಗಿ ಹೋಗುವುದಿಲ್ಲ. ಹಾಗಾಗಿ ತಳದ ಮಣ್ಣನ್ನೂ ಆಹಾರವನ್ನೂ ಮೊದಲು ಒಂದೇ ಸಮ ಮಾಡಿಕೊಂಡು, ಒಂದೇ ವಯಸ್ಸಿನವುಗಳ ನಡುವೆ ಮಾತ್ರ ಆಯ್ಕೆ ನಡೆಸಿ. ಅಂಗಡಿಯ ಕಪ್ಪು ತಳದ ತೊಟ್ಟಿಯಲ್ಲಿ ಕಂಡ ಕುಂಕುಮದ ಕೆಂಪಿನಲ್ಲಿ ಎಷ್ಟು ಪಾಲು ಆ ತಳದ್ದಾಗಿತ್ತೋ!

ತುಂಗಾತೀರ

ಮೂವರಿಗೂ ಕೃತಜ್ಞತೆಗಳು. ನಮ್ಮ ತೊಟ್ಟಿಯ ತಳ ಹೊಳೆಯ ಬಿಳಿ ಮರಳು. ಅಂಗಡಿಯದು ಕಪ್ಪಾಗಿದ್ದುದು ಈಗ ನೆನಪಾಗುತ್ತಿದೆ. ನಿನ್ನೆ ಸಂಜೆ ಗಂಡುಗಳನ್ನು ಬಿಳಿ ಬಟ್ಟಲಿಗೆ ತೆಗೆದು ನೋಡಿದೆ. ಅರವತ್ತರಲ್ಲಿ ಪಕ್ಕೆಯವರೆಗೆ ಬಣ್ಣವಿರುವವು ಏಳು ಮಾತ್ರ ಸಿಕ್ಕಿದವು, ಅವುಗಳಲ್ಲಿ ಎರಡರ ವಯಸ್ಸಿನ ಬಗ್ಗೆ ಅನುಮಾನವಿದೆ. ಇನ್ನೆರಡು ಸಂಶಯಗಳು: ಕೆಂಪು, ಕಪ್ಪು ಕ್ರಿಸ್ಟಲ್ ಸೀಗಡಿಗಳನ್ನು ಒಟ್ಟಿಗೆ ಸಾಕಿದರೂ ಕಂದು ಮರಿ ಬರುವುದಿಲ್ಲ ಎನ್ನುತ್ತಾರಲ್ಲ, ಅದು ಹೇಗೆ? ಮತ್ತು, ತೆಗೆದ ನೂರಾರು ಸೀಗಡಿಗಳನ್ನು ಏನು ಮಾಡಬೇಕು? ಮನೆಯ ಹಿಂದೆಯೇ ಹಳ್ಳವಿದೆ.

ಇಕ್ಕೇರಿ

ಕ್ರಿಸ್ಟಲ್ ರೆಡ್ ಬೇರೆಯದೇ ಕುಲದ್ದು, ಕ್ಯಾರಿಡಿನಾ. 1990ರ ದಶಕದಲ್ಲಿ ಜಪಾನಿನ ಹಿಸಾಯಾಸು ಸುಜುಕಿ ಅವರು ತಮ್ಮ ಕಪ್ಪು ಬಿಳುಪು ಪಟ್ಟೆಯ ಬೀ ಸೀಗಡಿಗಳ ನಡುವೆ ಕಾಣಿಸಿಕೊಂಡ ಕೆಂಪನ್ನು ಬೇರ್ಪಡಿಸಿ ಕಟ್ಟಿದ ಸಾಲು ಅದು. ಅಲ್ಲಿ ಕೆಂಪು ಒಂದೇ ಜೀನಿನ ಅಪ್ರಬಲ ಗುಣ, ಅಂದರೆ ಕಪ್ಪಿನೆದುರು ಮರೆಯಾಗುವಂಥದ್ದು. ಶುದ್ಧ ಕಪ್ಪಿನೊಂದಿಗೆ ಕೂಡಿದರೆ ಮರಿಗಳೆಲ್ಲ ಕಪ್ಪು, ಆ ಮರಿಗಳು ತಮ್ಮಲ್ಲೇ ಕೂಡಿದರೆ ಸುಮಾರು ನಾಲ್ಕರಲ್ಲಿ ಒಂದು ಮತ್ತೆ ಕೆಂಪು. ಚೆರ್ರಿಯಲ್ಲಿ ಲೆಕ್ಕ ಇಷ್ಟು ಸುಲಭವಿಲ್ಲ. ಅಂದ ಹಾಗೆ ಕ್ರಿಸ್ಟಲ್ ರೆಡ್‌ಗೆ ಮೆದುವಾದ, ತುಸು ಆಮ್ಲೀಯವಾದ, ತಂಪು ನೀರು ಬೇಕು. ನಮ್ಮ ಬಾವಿನೀರು ಅದಕ್ಕೆ ಚೆರ್ರಿಗಿಂತ ಹತ್ತಿರದ್ದು, ಆದರೆ ಅದನ್ನು ಇನ್ನೊಮ್ಮೆ ಮಾತನಾಡೋಣ.

ಹಳ್ಳಕ್ಕೆ ಮಾತ್ರ ಒಂದನ್ನೂ ಬಿಡಬೇಡಿ. ತಮ್ಮ ಹಳ್ಳ ತುಂಗೆಗೆ ಸೇರುವುದಿರಬೇಕು. ಈ ಸೀಗಡಿಗೆ ಲಾರ್ವಾ ಹಂತವಿಲ್ಲ, ಮೊಟ್ಟೆಯಿಂದಲೇ ಪೂರ್ಣ ರೂಪದ ಮರಿ ಹೊರಬರುವುದರಿಂದ ಸಿಹಿನೀರಿನಲ್ಲಿ ಎಲ್ಲಿ ಬಿಟ್ಟರೂ ನೆಲೆಯೂರಬಲ್ಲದು. ಹವಾಯಿಯಲ್ಲಿಯೂ ಜರ್ಮನಿಯಲ್ಲಿಯೂ ಹಾಗೆ ನೆಲೆಯೂರಿದೆ. ಆರಂಭಿಸುವ ಮಕ್ಕಳಿಗೆ ಮಸುಕು ಬಣ್ಣದವೇ ಸಾಕು, ಕೊಡಿ. ಸಾಗರದ ಕಡೆ ಬಂದಾಗ ಐವತ್ತನ್ನು ನನಗೂ ತನ್ನಿ, ನಮ್ಮ ಪ್ರಯೋಗಾಲಯದ ತೊಟ್ಟಿಯಲ್ಲಿ ಪಾಚಿ ಬಹಳವಾಗಿದೆ.

ತುಂಗಾತೀರ

ಖಂಡಿತ ತರುತ್ತೇನೆ. ಐದು ಗಂಡು ಮತ್ತು ಹನ್ನೆರಡು ಹಳೆಯ ಹೆಣ್ಣುಗಳನ್ನು ಕಪ್ಪು ತಳದ ಹೊಸ ತೊಟ್ಟಿಗೆ ಸೇರಿಸಿದ್ದೇನೆ. ಅನುಮಾನದ ಎರಡು ಗಂಡುಗಳನ್ನು ನಾಲ್ಕು ಹೆಣ್ಣುಗಳೊಂದಿಗೆ ಪ್ರತ್ಯೇಕವಾಗಿಟ್ಟಿದ್ದು, ಅವುಗಳ ಮರಿಗಳಲ್ಲಿ ಕಂದು ಕಂಡರೆ ಆ ಸಾಲನ್ನು ಅಲ್ಲಿಗೇ ನಿಲ್ಲಿಸುತ್ತೇನೆ.